ಹಳೆಯ ದೋಣಿಗೆ ಬದಲಿ: ಆಯ್ಕೆಯ ವಿವೇಕ



ಕೋಲ್ಕತ್ತಾದ ಸಿಯಾಲ್ದಾ ನಿಲ್ದಾಣದಿಂದ ದಕ್ಷಿಣಕ್ಕೆ ಹೋಗುವ ರೈಲುಮಾರ್ಗಗಳಲ್ಲಿ ಒಂದು ಮಾತ್ಲಾ ನದಿಯ ದಡದ ಕ್ಯಾನಿಂಗ್ ಪಟ್ಟಣದಲ್ಲಿ ಕೊನೆಗೊಳ್ಳುತ್ತದೆ. ಅದರಾಚೆ ಸುಂದರಬನದ ದ್ವೀಪಗಳು. ಅಲ್ಲಿನ ಮೀನು, ಏಡಿಗಳ ಬುಟ್ಟಿಗಳು ಈ ರೈಲುಗಳಲ್ಲಿಯೇ ನಗರವನ್ನು ಸೇರುತ್ತವೆ. ಆ ಬುಟ್ಟಿ ತುಂಬುವುದು ದೋಣಿಯಿಂದ. 2020ರ ಮೇ 20ರಂದು ಅಪ್ಪಳಿಸಿದ ಅಂಫಾನ್ ಚಂಡಮಾರುತದಂತಹ ವಿಪತ್ತಿನಲ್ಲಿ ದೋಣಿ ಕಳೆದುಕೊಂಡ ಕುಟುಂಬಕ್ಕೆ ಬದಲಿ ದೋಣಿಯ ಆಯ್ಕೆಯೆಂದರೆ ಜೀವನೋಪಾಯದ ಪ್ರಶ್ನೆ. ಆಯ್ಕೆ ತಪ್ಪಿದರೆ ಸಾಲವಷ್ಟೇ ಉಳಿಯುತ್ತದೆ.

ಮೊದಲು ನೋಡಬೇಕಾದುದು ನೀರು. ಇಳಿತದ ವೇಳೆ ಕೆಸರು ತೇಲುವ ಕಿರುತೊರೆಗಳಿಗೆ ಚಪ್ಪಟೆ ತಳದ ದೋಣಿಯೇ ಲೇಸು; ಅದು ಕೆಸರಿನ ಮೇಲೆ ಸಮನಾಗಿ ಕೂರುತ್ತದೆ. ಅಲೆಗಳೇಳುವ ನದೀಮುಖಕ್ಕೆ ಚೂಪು ತಳದ ದೋಣಿ ತಕ್ಕುದು. ಆದರೆ ನೀರಿಳಿದಾಗ ಅದು ಪಕ್ಕಕ್ಕೆ ವಾಲುತ್ತದೆ.

ಎರಡನೆಯದು ಕೈಗಳ ಲೆಕ್ಕ. ಹಾಯಿಗೆ ಇಂಧನ ಬೇಡ. ಗಾಳಿ ಮತ್ತು ಅನುಭವ ಬೇಕು. ಯಂತ್ರವು ಭರತ ಇಳಿತಗಳಿಗಾಗಿ ಕಾಯುವ ಹೊತ್ತನ್ನು ಉಳಿಸುತ್ತದೆ. ಡೀಸೆಲ್ ಮತ್ತು ದುರಸ್ತಿಯ ವೆಚ್ಚವನ್ನು ಪ್ರತಿ ಪಯಣದಲ್ಲೂ ಬೇಡುತ್ತದೆ. ಯಂತ್ರ ಕೈಕೊಟ್ಟರೆ ಒದಗಲೆಂದು ಹಾಯಿ, ಹುಟ್ಟುಗಳನ್ನು ಇರಿಸಿಕೊಳ್ಳುವುದು ಜಾಣತನ.

ಮೂರನೆಯದು ಪರೀಕ್ಷೆ. ಬಳಸಿದ ದೋಣಿಯನ್ನು ದಡಕ್ಕೆಳೆದು, ಹೊಸ ಬಣ್ಣಕ್ಕೆ ಮರುಳಾಗದೆ, ನೀರಿನಲ್ಲಿ ಮುಳುಗುವ ಹಲಗೆಗಳನ್ನು ಚಾಕುವಿನ ಮೊನೆಯಿಂದ ಒತ್ತಿ ನೋಡಬೇಕು. ಮೊನೆ ಸುಲಭವಾಗಿ ಒಳಸೇರಿದರೆ ಮರ ಕೊಳೆತಿದೆ, ಇಲ್ಲವೇ ಹುಳು ಕೊರೆದಿದೆ. ತುಕ್ಕು ತಿಂದ ಮೊಳೆಗಳನ್ನೂ ಕಡೆಗಣಿಸಬಾರದು.

ದೊಡ್ಡ ದೋಣಿಯಿಂದ ದೊಡ್ಡ ಗಳಿಕೆಯೆಂಬುದು ಸದಾ ನಿಜವಲ್ಲ. ಮನೆಯವರ ಕೈಗೆ ನಿಲುಕುವ, ಊರಿನ ನೀರಿಗೆ ಒಗ್ಗುವ ದೋಣಿಯೇ ಬಾಳಿಕೆಯ ದೋಣಿ.