ಅಹವಾಲಿಗೆ ಅವರವರ ನುಡಿ

(ನಾಗಪುರದ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



1956ರವರೆಗೆ ಹಳೆಯ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಈ ನಾಗಪುರವು ಹಿಂದಿ, ಮರಾಠಿಗಳೆರಡನ್ನೂ ಆಡಳಿತದಲ್ಲಿ ಕಂಡ ನಗರ. ಇಲ್ಲಿ ನೆಲೆಸಿರುವ ಕನ್ನಡಿಗ ವೃದ್ಧೆಯೊಬ್ಬರು ಕೇಂದ್ರ ಸರ್ಕಾರದ ಕುಟುಂಬ ಪಿಂಚಣಿಯ ಅಹವಾಲನ್ನು ಯಾವ ಭಾಷೆಯಲ್ಲಿ ಬರೆಯಬೇಕು? ಸಂವಿಧಾನದ 350ನೆಯ ಅನುಚ್ಛೇದದ ಮೇರೆಗೆ, ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೇಂದ್ರದ ಅಧಿಕಾರಿಗೆ ಮನವಿ ಸಲ್ಲಿಸಬಹುದು. ಆದರೆ ಉತ್ತರವೂ ಅದೇ ಭಾಷೆಯಲ್ಲಿರಬೇಕೆಂದು ಆ ಅನುಚ್ಛೇದವು ಹೇಳುವುದಿಲ್ಲ. ಓದಲಾರದ ಉತ್ತರ ಬಂದರೆ ಹಕ್ಕು ಅರ್ಧದಲ್ಲೇ ನಿಲ್ಲುವುದು. ಅನುವಾದಕನಾಗಿ ನನ್ನ ಅರಿಕೆ ಇಷ್ಟೇ: ಉತ್ತರದೊಡನೆ ಕನ್ನಡದ ಸಾರಾಂಶವೊಂದಿರಲಿ, ಮಂಜೂರಾತಿ, ನಿರಾಕರಣೆಯ ಕಾರಣ, ಮೇಲ್ಮನವಿಯ ಅವಧಿ ಇವು ಅದರಲ್ಲಿ ತಿಳಿಯಲಿ. ಅವಧಿ ಮೀರಿದ ಮೇಲೆ ಅರ್ಥವಾದ ಪತ್ರದಿಂದ ಪ್ರಯೋಜನವಿಲ್ಲ. ನೀವೂ ಕನ್ನಡದಲ್ಲಿ ಬರೆಯಲು ಹಿಂಜರಿಯಬೇಡಿ.