ಸರಾಸರಿ ಜವದ ಲೆಕ್ಕ

(ಶತಮಾನೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಗಡಿಭಾಗದ ನಮ್ಮ ಮಕ್ಕಳು ಎರಡು ಭಾಷೆಗಳ ನಡುವೆ ಬೆಳೆಯುವವರು. ‘ಸರಾಸರಿ’ ಎಂಬ ಶಬ್ದ ಕನ್ನಡಕ್ಕೂ ಮರಾಠಿಗೂ ಸಮಾನ. ಆದರೆ ಮರಾಠಿ ಪುಸ್ತಕದ ‘ಚಾಲ’ವು ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ‘ಜವ’ವಾಗುತ್ತದೆ. ‘ವೇಗ’ ಎರಡರಲ್ಲಿಯೂ ವೇಗವೇ. ಅದಕ್ಕೆ ದಿಕ್ಕು ಬೇಕು. ಆಡುಮಾತಿನಲ್ಲಿ ಎಲ್ಲವನ್ನೂ ವೇಗವೆನ್ನುತ್ತೇವೆ. ಲೆಕ್ಕಕ್ಕೆ ಕುಳಿತಾಗ ಹಾಗೆನ್ನುವಂತಿಲ್ಲ.

ಸೊಲ್ಲಾಪುರದಿಂದ ಅಕ್ಕಲಕೋಟೆಗೆ 40 ಕಿ.ಮೀ. ಎಂದಿಟ್ಟುಕೊಳ್ಳೋಣ. ಬಸ್ಸು ಹೋಗುವಾಗ ಗಂಟೆಗೆ 40 ಕಿ.ಮೀ., ಮರಳುವಾಗ 20 ಕಿ.ಮೀ. ಜವದಿಂದ ಓಡಿತು. ಸರಾಸರಿ ಜವವೆಷ್ಟು? ಹೆಚ್ಚಿನ ಮಕ್ಕಳು ಎರಡನ್ನೂ ಕೂಡಿಸಿ, ಅರ್ಧ ಮಾಡಿ, 30 ಎನ್ನುತ್ತಾರೆ. ಆದರೆ ಹೋಗಲು 1 ಗಂಟೆ, ಬರಲು 2 ಗಂಟೆ, 80 ಕಿ.ಮೀ.ಗೆ ಒಟ್ಟು 3 ಗಂಟೆ. ಸರಾಸರಿ ಜವ ಗಂಟೆಗೆ ಸುಮಾರು 26.67 ಕಿ.ಮೀ. ಮಾತ್ರ. ನಿಧಾನವಾಗಿ ಓಡಿದ ಹೊತ್ತು ಹೆಚ್ಚಾದುದರಿಂದ ಅದರ ತೂಕವೂ ಹೆಚ್ಚು. 30 ಸರಿಯಾಗಬೇಕಾದರೆ ಎರಡು ಜವಗಳಲ್ಲಿಯೂ ಸಮಾನ ಕಾಲ ಓಡಿರಬೇಕು, ಸಮಾನ ದೂರವಲ್ಲ. ಅಕ್ಕಲಕೋಟೆಯ ನಿಲ್ದಾಣದಲ್ಲಿ ನಿಂತ 12 ನಿಮಿಷಗಳನ್ನೂ ಸೇರಿಸಿದರೆ ಉತ್ತರ 25ಕ್ಕೆ ಇಳಿಯುತ್ತದೆ. ಚಾಲಕರು ಚಹಾ ಕುಡಿದ ಹೊತ್ತನ್ನು ಲೆಕ್ಕ ಮನ್ನಿಸುವುದಿಲ್ಲ!

ಇನ್ನು ಸರಾಸರಿ ವೇಗ? ಬಸ್ಸು ಹೊರಟಲ್ಲಿಗೇ ಮರಳಿದೆ. ಸ್ಥಾನಪಲ್ಲಟ ಸೊನ್ನೆ, ಆದ್ದರಿಂದ ಸರಾಸರಿ ವೇಗವೂ ಸೊನ್ನೆ. ಇದನ್ನು ಕೇಳಿ ಮಕ್ಕಳು ನಗುತ್ತಾರೆ. ನಕ್ಕವರು ಜವ, ವೇಗಗಳ ಭೇದವನ್ನು ಸುಲಭವಾಗಿ ಮರೆಯುವುದಿಲ್ಲ.

ಎರಡು ದೂರಗಳು ಸಮಾನವಿದ್ದಾಗ, ಜವಗಳ ಗುಣಲಬ್ಧದ ಇಮ್ಮಡಿಯನ್ನು ಅವುಗಳ ಮೊತ್ತದಿಂದ ಭಾಗಿಸುವ ಸೂತ್ರವೊಂದುಂಟು. ಅದನ್ನು ಮೊದಲೇ ಬಾಯಿಪಾಠ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ದೂರಗಳು ಬೇರೆಯಾದೊಡನೆ ಸೂತ್ರ ಕೈಕೊಡುತ್ತದೆ. ಅಂಕ ಕಳೆದುಕೊಂಡ ಮಗು ಗಣಿತವೇ ತನ್ನದಲ್ಲವೆಂದು ನಂಬಿಬಿಡುತ್ತದೆ. ಒಟ್ಟು ದೂರವೆಷ್ಟು, ಒಟ್ಟು ಕಾಲವೆಷ್ಟು ಎಂದು ಕೇಳಿಕೊಳ್ಳುವ ಅಭ್ಯಾಸವಿದ್ದರೆ ಸಾಕು; ಸೂತ್ರವನ್ನು ಅದು ತಾನೇ ಕಟ್ಟಿಕೊಳ್ಳುತ್ತದೆ.

ವಿದ್ಯಾರ್ಥಿಗಳಿಗೆ ಕೊನೆಯದೊಂದು ಪ್ರಶ್ನೆ. ಬಸ್ಸು ಹೋಗುವಾಗಲೇ 20ರ ಜವದಲ್ಲಿ ಓಡಿತೆನ್ನಿ. ಹೋಗಿ ಬರುವ ಇಡೀ ಪ್ರವಾಸದ ಸರಾಸರಿ 40 ಆಗಬೇಕಾದರೆ ಅದು ಎಷ್ಟು ಜವದಿಂದ ಮರಳಬೇಕು? 60 ಎನ್ನುವವರು ಕಾಲವನ್ನು ಎಣಿಸಿ ನೋಡಿರಿ. 80 ಕಿ.ಮೀ.ಗೆ ದೊರೆಯುವುದು ಎರಡೇ ಗಂಟೆ. ಆ ಎರಡು ಗಂಟೆಗಳು ಅಕ್ಕಲಕೋಟೆಯನ್ನು ಮುಟ್ಟುವಷ್ಟರಲ್ಲಿಯೇ ತೀರಿಹೋಗಿವೆ.