ಗಾಳ ಹಾಕುವ ಮುನ್ನ: ಪೊವಾಯಿ ಸರೋವರದ ಮೀನುಗಳು

ಮುಂಬಯಿಯ ಪೊವಾಯಿ ಸರೋವರದ ದಡದಲ್ಲಿ ಗಾಳ ಹಿಡಿದು ಕುಳಿತವರನ್ನು ಕಂಡವರಿಗೆ, ಇಲ್ಲಿನ ಮೀನು ಪ್ರಕೃತಿಯು ತಾನಾಗಿ ಇತ್ತ ಕೊಡುಗೆಯೆಂದು ತೋರುವುದು ಸಹಜ. ವಾಸ್ತವವಾಗಿ ಈ ಸರೋವರವೂ ಮಾನವನಿರ್ಮಿತ. ಗಾಳಕ್ಕೆ ಸಿಗುವ ಗೆಂಡೆ ಮೀನುಗಳೂ ಮಾನವನು ತಂದು ಬಿಟ್ಟವು. ನಗರಕ್ಕೆ ಕುಡಿಯುವ ನೀರನ್ನು ಒದಗಿಸಲೆಂದು 1891ರಲ್ಲಿ ಇದನ್ನು ನಿರ್ಮಿಸಲಾಯಿತಾದರೂ, ನೀರು ಕುಡಿಯಲು ಯೋಗ್ಯವಲ್ಲವೆಂದು ಕಂಡುಬಂದು ಆ ಉದ್ದೇಶವನ್ನು ಕೈಬಿಡಬೇಕಾಯಿತು. ಮನುಷ್ಯರಿಗೆ ಒದಗದ ನೀರು ಮೀನಿಗೆ ಒದಗಿತು. ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ ಎಂಬ ಹವ್ಯಾಸಿಗಳ ಸಂಘವು ಬಹುಕಾಲ ಇಲ್ಲಿ ಮೀನುಮರಿಗಳನ್ನು ಬಿಟ್ಟು ಪೋಷಿಸಿದೆ.

ಮರಿಗಳನ್ನು ಮತ್ತೆ ಮತ್ತೆ ಬಿಡಬೇಕೇಕೆ? ಕಾಟ್ಲಾ, ರೋಹು, ಮೃಗಾಲ್ ಮೂಲತಃ ನದಿಯ ಮೀನುಗಳು. ಮುಂಗಾರಿನ ಹೊಸನೀರು ಉಕ್ಕಿ ಹರಿಯುವಾಗ ಮೊಟ್ಟೆಯಿಡುವುದು ಅವುಗಳ ಸ್ವಭಾವ. ನಿಂತ ನೀರಿನಲ್ಲಿ ಅವು ಪುಷ್ಟವಾಗಿ ಬೆಳೆಯುತ್ತವೆ, ಒಡಲಲ್ಲಿ ಮೊಟ್ಟೆಯೂ ಬಲಿಯುತ್ತದೆ. ಆದರೆ ಸಾಮಾನ್ಯವಾಗಿ ಸಂತಾನೋತ್ಪತ್ತಿ ನಡೆಯದು. ಹಿಂದೆ ನದಿಗಳಲ್ಲಿ ಬಲೆಯೊಡ್ಡಿ ಮರಿಗಳನ್ನು ಸಂಗ್ರಹಿಸುತ್ತಿದ್ದರು. ಅವುಗಳೊಡನೆ ಬೇಡವಾದ ಜಾತಿಗಳೂ ಬೆರೆತು ಬರುತ್ತಿದ್ದವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚುಮದ್ದಾಗಿ ನೀಡಿ, ಗೆಂಡೆ ಮೀನುಗಳು ನದಿಯ ಹೊರಗೂ ಮೊಟ್ಟೆಯಿಡುವಂತೆ ಮಾಡಿದರು. ಆ ದಿನವನ್ನೇ ಈಗ ರಾಷ್ಟ್ರೀಯ ಮತ್ಸ್ಯ ಕೃಷಿಕರ ದಿನವನ್ನಾಗಿ ಆಚರಿಸಲಾಗುತ್ತಿದೆ. ಗಾಳ ಹಾಕುವವರಲ್ಲಿ ಈ ವಿಜ್ಞಾನಿಯ ಹೆಸರು ಬಲ್ಲವರು ವಿರಳವೇ ಇರಬೇಕು.

ಈ ಮೂರೂ ಮೀನುಗಳು ಒಂದೇ ಕೆರೆಯಲ್ಲಿದ್ದರೂ ಆಹಾರಕ್ಕಾಗಿ ಹೆಚ್ಚು ಕಾದಾಡುವುದಿಲ್ಲ. ಮೇಲ್ಮುಖವಾದ ಬಾಯಿಯುಳ್ಳ ಕಾಟ್ಲಾ ಮೇಲ್ಪದರದಲ್ಲಿಯೂ, ರೋಹು ನಡುನೀರಿನಲ್ಲಿಯೂ, ಮೃಗಾಲ್ ತಳದಲ್ಲಿಯೂ ಮೇಯುತ್ತವೆ. ಗಾಳವನ್ನು ಎಷ್ಟು ಆಳಕ್ಕೆ ಇಳಿಬಿಡಬೇಕೆಂಬುದನ್ನು ಅನುಭವಿಗಳು ಇದರಿಂದಲೇ ನಿರ್ಧರಿಸುತ್ತಾರೆ.

ಆದರೆ ಮರಿ ಬಿಟ್ಟ ಮಾತ್ರಕ್ಕೆ ಮೀನು ಉಳಿಯುವುದಿಲ್ಲ. ಸುತ್ತಣ ವಸತಿಗಳ ಕೊಳಚೆ ನೀರು ಪೊವಾಯಿಯನ್ನು ಸೇರುತ್ತ ಬಂದಿದ್ದು, ಅದರ ಸಾರದಿಂದ ಅಂತರಗಂಗೆ ಮತ್ತು ಪಾಚಿ ಹುಲುಸಾಗಿ ಬೆಳೆಯುತ್ತವೆ. ಹಗಲಿನಲ್ಲಿ ಆಮ್ಲಜನಕವನ್ನು ನೀಡುವ ಪಾಚಿಯೇ ರಾತ್ರಿ ಅದನ್ನು ಹೀರಿಕೊಳ್ಳುತ್ತದೆ. ಕೊಳೆಯುವ ಕಳೆಯೂ ಹೀರುತ್ತದೆ. ಆದ್ದರಿಂದ ಮೀನಿಗೆ ಅತ್ಯಂತ ಕಷ್ಟದ ಹೊತ್ತು ಮುಂಜಾನೆ. ಸೂರ್ಯೋದಯಕ್ಕೆ ಮುನ್ನ ಮೀನುಗಳು ಗುಂಪಾಗಿ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ಅದು ಹಸಿವಿನ ಲಕ್ಷಣವಲ್ಲ, ಉಸಿರು ಕಟ್ಟುತ್ತಿರುವ ಲಕ್ಷಣ. ಅಂಥ ಹೊತ್ತಿನಲ್ಲಿ ಹಿಟ್ಟಿನ ಉಂಡೆಗಳನ್ನು ನೀರಿಗೆ ಎಸೆಯುವುದು, ಪುಣ್ಯಕಾರ್ಯವೆಂಬ ಭಾವನೆಯಿಂದಲೇ ಆಗಲಿ, ಕೊಳೆತವನ್ನು ಹೆಚ್ಚಿಸಿದಂತೆಯೇ ಸರಿ. ಮೊದಲು ನಿಲ್ಲಬೇಕಾದುದು ಕೊಳಚೆಯ ಹರಿವು.

ಹಿಡಿದ ಮೀನನ್ನು ಮರಳಿ ಬಿಡುವ ಪದ್ಧತಿಯನ್ನು ಹಲವು ಹವ್ಯಾಸಿಗಳು ಅನುಸರಿಸುತ್ತಾರೆ. ಮುಳ್ಳಿಲ್ಲದ ಕೊಕ್ಕೆಯಾದರೆ ಗಾಯ ಕಡಿಮೆ. ಮೀನಿನ ಮೈಮೇಲಿನ ಲೋಳೆಯೇ ಅದಕ್ಕೆ ರಕ್ಷಾಕವಚವಾದುದರಿಂದ ಒಣಗೈಯಿಂದ ಮುಟ್ಟಬಾರದು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಮಲಗಿಸಬಾರದು. ದಣಿದ ಮೀನನ್ನು ಒಮ್ಮೆಲೇ ಎಸೆಯದೆ, ತಾನಾಗಿ ಬಾಲ ಬೀಸಿ ಹೊರಡುವವರೆಗೆ ನೀರಿನಲ್ಲಿ ನೇರವಾಗಿ ಹಿಡಿದಿರಬೇಕು. ಪೊವಾಯಿಯಲ್ಲಿ ಮೊಸಳೆಗಳೂ ಇರುವುದರಿಂದ, ಈ ಕೆಲಸಕ್ಕಾಗಿ ನೀರಿಗಿಳಿಯದೆ ಗಾಳಗಾರರಿಗೆಂದು ಕಟ್ಟಿದ ಅಟ್ಟಣೆಯ ಮೇಲೆಯೇ ನಿಂತು ಕೈಬಲೆಯನ್ನು ಬಳಸುವುದು ಲೇಸು.